ಕೊಂಕಣದ ಬಿಸಿನೀರಿನ ಬುಗ್ಗೆಗಳ ಸುತ್ತ ಭೂಕಂಪನ ನಿಗಾ: ಪಿಎಚ್‌ಡಿಗೆ ವಿಷಯವಾದೀತೇ?

ಸುಮೇಧಾ, ಪುಣೆ

ಎಲ್ಲರಿಗೂ ನಮಸ್ಕಾರ. ನಾನು ಮೂಲತಃ ಧಾರವಾಡದವಳು. ಭೂಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ, ಈಗ ಪುಣೆಯಲ್ಲಿ ಅಂತರ್ಜಲ ಸಮೀಕ್ಷೆಯ ಕೆಲಸ ಮಾಡುತ್ತಿದ್ದೇನೆ. ಮುಂದಿನ ವರ್ಷ ಪಿಎಚ್‌ಡಿಗೆ ನೋಂದಾಯಿಸಿಕೊಳ್ಳಬೇಕೆಂದಿದ್ದೇನೆ. ಭೂಶಾಖ ಶಕ್ತಿಯ ರಿಸರ್ವಾಯರುಗಳನ್ನು (ನೆಲದಾಳದಲ್ಲಿ ಬಿಸಿನೀರು ತುಂಬಿರುವ ಬಂಡೆಗಳನ್ನು) ಸೂಕ್ಷ್ಮ ಭೂಕಂಪಗಳ ಮೂಲಕ ಗಮನಿಸುವ ವಿಧಾನವನ್ನೇ ವಿಷಯವಾಗಿ ತೆಗೆದುಕೊಳ್ಳುವ ಮನಸ್ಸಿದೆ.

ಅಡಚಣೆ ಇರುವುದು ಜಾಗದ ಆಯ್ಕೆಯಲ್ಲಿ. ಲಡಾಖಿನ ಪೂಗಾ ಕಣಿವೆಯ ಭೂಶಾಖ ಯೋಜನೆ ಇನ್ನೂ ಪ್ರಾಯೋಗಿಕ ಹಂತದಲ್ಲಿದೆ, ಅಲ್ಲಿಗೆ ಮತ್ತೆ ಮತ್ತೆ ಹೋಗಿಬರುವುದು ನನ್ನಿಂದಾಗದ ಮಾತು. ಹತ್ತಿರದಲ್ಲಿ ನೋಡಿದರೆ ಗಣೇಶಪುರಿ ಮತ್ತು ವಜ್ರೇಶ್ವರಿಯಿಂದ ಹಿಡಿದು ಪಾಲಿಯ ಬಳಿಯ ಉನ್ಹೇರೆ, ಸಂಗಮೇಶ್ವರದ ಕಡೆಯ ಅರವಲಿ, ತುರಳ, ರಾಜವಾಡಿಗಳವರೆಗೆ ಕೊಂಕಣದುದ್ದಕ್ಕೂ ಬಿಸಿನೀರಿನ ಬುಗ್ಗೆಗಳ ಸಾಲೇ ಇದೆ. ಆದರೆ ಅಲ್ಲಿ ವಿದ್ಯುತ್ತಿಗಾಗಿ ಆಳವಾದ ಬಾವಿ ಕೊರೆದು ಒತ್ತಡದಲ್ಲಿ ನೀರು ಹಾಯಿಸುವ ಕೆಲಸ ನಡೆಯುತ್ತಿಲ್ಲ. ಹೀಗಿರುವಾಗ ಅಲ್ಲಿ ಕಂಪನಮಾಪಕಗಳನ್ನಿಟ್ಟು ಏನನ್ನು ಗಮನಿಸುತ್ತೀಯ ಎಂದು ನನಗೆ ಗೈಡ್ ಆಗಲು ಒಪ್ಪಿರುವವರು ಕೇಳಿದ್ದಾರೆ; ಪ್ರಶ್ನೆ ನ್ಯಾಯವಾದದ್ದೇ. ಹೊರದೇಶಗಳ ಮುಕ್ತ ದತ್ತಾಂಶವನ್ನು ಇಟ್ಟುಕೊಂಡು ಪುಣೆಯಲ್ಲೇ ಕುಳಿತು ಕೆಲಸ ಮಾಡುವುದು ಲೇಸೇ, ಇಲ್ಲವೇ ಕೊಂಕಣದಲ್ಲಿಯೇ ಏನಾದರೂ ಸಾರವಿರುವ ಪ್ರಶ್ನೆ ಹುಡುಕಿಕೊಳ್ಳಬಹುದೇ? ಈ ಕ್ಷೇತ್ರದಲ್ಲಿ ಕೆಲಸ ಮಾಡಿದವರು ದಯವಿಟ್ಟು ತಿಳಿಸಬೇಕು.

ರಾಘವೇಂದ್ರ, ಪವಾಯಿ, ಮುಂಬೈ

ಸುಮೇಧಾ ಅವರೇ, ಜಾಗದ ಮಾತಿಗಿಂತ ಮೊದಲು ಒಂದು ವಿಷಯವನ್ನು ಇತ್ಯರ್ಥ ಮಾಡಿಕೊಳ್ಳುವುದು ಒಳ್ಳೆಯದು. ಕೊಂಕಣದ ಬುಗ್ಗೆಗಳ ಕೆಳಗೆ ಜ್ವಾಲಾಮುಖಿಯ ಬಿಸಿ ಇಲ್ಲ. ದಖ್ಖನಿನ ಲಾವಾ ಹರಿದದ್ದು ಸುಮಾರು 6.6 ಕೋಟಿ ವರ್ಷಗಳ ಹಿಂದೆ. ಅದರ ಶಾಖವೆಲ್ಲ ಎಂದೋ ಆರಿಹೋಗಿದೆ. ಮಳೆನೀರು ಸ್ತರಭಂಗಗಳ (ಬಂಡೆ ಸೀಳಿ ಜಾರಿದ ದೊಡ್ಡ ಬಿರುಕುಗಳ) ಗುಂಟ ಆಳಕ್ಕಿಳಿದು, ಅಲ್ಲಿಯ ಸಹಜ ಶಾಖಕ್ಕೆ ಬಿಸಿಯಾಗಿ, ಮತ್ತೊಂದು ಬಿರುಕಿನ ದಾರಿಯಲ್ಲಿ ಮೇಲೆ ಬರುತ್ತದೆ ಎಂಬುದೇ ಇಂದು ಹೆಚ್ಚಿನವರು ಒಪ್ಪುವ ವಿವರಣೆ. ಆದ್ದರಿಂದ ನೀವು ರಿಸರ್ವಾಯರ್ ಎನ್ನುತ್ತಿರುವುದು ಅಲ್ಲಿ ಬಹುಮಟ್ಟಿಗೆ ಬಿರುಕುಗಳ ಜಾಲವೇ. ಭೂಕಂಪನ ಶಾಸ್ತ್ರದವರಿಗೆ ಇದು ಅನುಕೂಲದ ಸಂಗತಿ, ಏಕೆಂದರೆ ನೀರಿನ ದಾರಿ ಮತ್ತು ಬಂಡೆ ಜಾರುವ ಜಾಗ ಎರಡೂ ಒಂದೇ ಆಗಿರುವ ಸಾಧ್ಯತೆ ಇದೆ.

ಇನ್ನು ನಿಗಾ ಎಂದರೆ ಏನನ್ನು ನೋಡುವುದು ಎಂಬ ಪ್ರಶ್ನೆ. ಬಿರುಕಿನ ಎರಡು ಬದಿಗಳನ್ನು ಒತ್ತಿ ಹಿಡಿದಿರುವ ಬಲದಿಂದ ಬಿರುಕಿನೊಳಗಿನ ನೀರಿನ ಒತ್ತಡವನ್ನು ಕಳೆದರೆ ಉಳಿಯುವುದೇ ಅದನ್ನು ಜಾರದಂತೆ ತಡೆಯುವ ಬಲ. ನೀರಿನ ಒತ್ತಡ ಹೆಚ್ಚಿದಂತೆ ಆ ತಡೆ ಕುಗ್ಗಿ, ಮೊದಲೇ ಜಾರುವ ಅಂಚಿನಲ್ಲಿದ್ದ ಬಿರುಕುಗಳು ಸಣ್ಣಸಣ್ಣದಾಗಿ ಜಾರತೊಡಗುತ್ತವೆ. ನಾಲ್ಕೈದು ಕಿಲೋಮೀಟರ್ ಆಳದಲ್ಲಿ ನೀರು ಎಲ್ಲಿಯವರೆಗೆ ಹೋಯಿತು ಎಂದು ತಿಳಿಯಲು ಈ ಸಣ್ಣ ಕಂಪನಗಳಷ್ಟು ನೇರವಾದ ಸಾಕ್ಷಿ ಬೇರೆ ಸಿಗುವುದು ಕಷ್ಟ. ಒತ್ತಡವೊಂದೇ ಕಾರಣ ಎಂದೂ ತಿಳಿಯಬೇಡಿ. ಕ್ಯಾಲಿಫೋರ್ನಿಯಾದ ಗೀಸರ್ಸ್ ಭೂಶಾಖ ಕ್ಷೇತ್ರದಲ್ಲಿ ಸಂಸ್ಕರಿಸಿದ ಚರಂಡಿ ನೀರನ್ನು ಬಿಸಿ ಬಂಡೆಗೆ ಬಿಡುತ್ತಾರೆ, ಅಲ್ಲಿ ತಣ್ಣನೆಯ ನೀರು ತಗುಲಿ ಬಂಡೆ ಕುಗ್ಗುವುದೂ ಕಂಪನಕ್ಕೆ ದೊಡ್ಡ ಕಾರಣ.

ನಿಮ್ಮ ಮಹಾಪ್ರಬಂಧದ ಪ್ರಶ್ನೆ ಎಲ್ಲಿಂದ ಹುಟ್ಟಬೇಕು ಎಂಬುದಕ್ಕೆ ಎರಡು ಪ್ರಸಂಗಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ 2006ರ ಡಿಸೆಂಬರಿನಲ್ಲಿ ಭೂಶಾಖ ಯೋಜನೆಗಾಗಿ ಸುಮಾರು 5 ಕಿಲೋಮೀಟರ್ ಆಳದ ಬಾವಿಗೆ ಸುಮಾರು 11,500 ಘನ ಮೀಟರ್ ನೀರನ್ನು ಒತ್ತಿದರು. ಕಂಪನಗಳು ಮಿತಿ ಮೀರಿದ್ದರಿಂದ ಡಿಸೆಂಬರ್ 8ರಂದು ಪಂಪು ನಿಲ್ಲಿಸಿದರು. ನಿಲ್ಲಿಸಿದ ಕೆಲವೇ ತಾಸುಗಳ ನಂತರ 3.4 ಪ್ರಮಾಣದ ಕಂಪನವಾಯಿತು, ಅದೇ ಮಟ್ಟದ ಇನ್ನೂ ಕೆಲವು ಕಂಪನಗಳು ಮುಂದಿನ ಜನವರಿ, ಫೆಬ್ರವರಿಗಳಲ್ಲಿ ಬಂದವು. 1356ರ ಭೂಕಂಪದಲ್ಲಿ ನೆಲಸಮವಾಗಿದ್ದ ಊರು ಅದು. ಯೋಜನೆಯನ್ನು 2009ರಲ್ಲಿ ಕೈಬಿಟ್ಟರು. ದಕ್ಷಿಣ ಕೊರಿಯಾದ ಪೊಹಾಂಗ್‌ನಲ್ಲಿ ಬಾಸೆಲ್‌ಗೆ ಹೋಲಿಸಿದರೆ ಅಂಥ ಹೆಚ್ಚೇನೂ ಅಲ್ಲದ ನೀರನ್ನು ಹಲವು ಕಂತುಗಳಲ್ಲಿ ಒತ್ತಿದ್ದರು. ಕೊನೆಯ ಕಂತು ಮುಗಿದು ಸುಮಾರು ಎರಡು ತಿಂಗಳಾದ ಮೇಲೆ, 2017ರ ನವೆಂಬರ್ 15ರಂದು, 5.5 ಪ್ರಮಾಣದ ಭೂಕಂಪವಾಯಿತು.

ಅಮೆರಿಕದ ಭೂಕಂಪನ ವಿಜ್ಞಾನಿ ಆರ್ಥರ್ ಮೆಕ್‌ಗಾರ್ 2014ರಲ್ಲಿ ಒಂದು ಸರಳ ಮಿತಿಯನ್ನು ಮುಂದಿಟ್ಟಿದ್ದರು: ಒತ್ತಿದ ನೀರಿನ ಗಾತ್ರವನ್ನು ಬಂಡೆಯ ಬಿಗಿತದ ಗುಣಾಂಕದಿಂದ ಗುಣಿಸಿದರೆ ಸಿಗುವ ಮೊತ್ತವೇ ಭೂಕಂಪನದ ಗರಿಷ್ಠ ಮೊಮೆಂಟ್ (ಭೂಕಂಪ ಎಷ್ಟು ದೊಡ್ಡದೆಂಬುದರ ಮೂಲ ಅಳತೆ). ಬಿಗಿತವನ್ನು 30 ಗಿಗಾಪಾಸ್ಕಲ್, ನೀರನ್ನು 10,000 ಘನ ಮೀಟರ್ ಎಂದಿಟ್ಟುಕೊಂಡು ನೀವೇ ಲೆಕ್ಕ ಹಾಕಿ. ಆ ಮೊಮೆಂಟನ್ನು ಪ್ರಮಾಣಕ್ಕೆ ಬದಲಿಸಿದರೆ ಉತ್ತರ ಸುಮಾರು 3.6. ಬಾಸೆಲ್ ಈ ಮಿತಿಯೊಳಗೇ ಉಳಿಯಿತು. ಪೊಹಾಂಗ್ ಅದನ್ನು ಮೊಮೆಂಟಿನ ಲೆಕ್ಕದಲ್ಲಿ ನೂರಾರು ಪಟ್ಟು ಮೀರಿತು, ಏಕೆಂದರೆ ಅಲ್ಲಿ ನೀರು ತಾನೇ ಶಕ್ತಿ ಒದಗಿಸಲಿಲ್ಲ, ಮೊದಲೇ ಒತ್ತಡ ತುಂಬಿಕೊಂಡಿದ್ದ, ಯಾರ ನಕ್ಷೆಯಲ್ಲಿಯೂ ಇರದಿದ್ದ ಸ್ತರಭಂಗವೊಂದನ್ನು ಕೆಣಕಿತು. ಬಾವಿ ಕೊರೆಯುವಾಗಲೇ, ಕೊರೆಯಲು ಬಳಸುವ ಕೆಸರಿನಂಥ ದ್ರವ ಸುಮಾರು 3.8 ಕಿಲೋಮೀಟರ್ ಆಳದಲ್ಲಿ ಸೋರಿಹೋಗಿತ್ತು; ಅಲ್ಲಿ ಬಿರುಕಿದೆ ಎಂಬುದಕ್ಕೆ ಅದೇ ಸುಳಿವು. ಸಣ್ಣ ಕಂಪನಗಳ ಸ್ಥಾನಗಳನ್ನು ಆಮೇಲೆ ಮರುಲೆಕ್ಕ ಮಾಡಿದಾಗ ಅವು ಒಂದೇ ಸಮತಲದ ಮೇಲೆ, ಅಂದರೆ ಆ ಸ್ತರಭಂಗದ ಮೇಲೆಯೇ, ಸಾಲಾಗಿ ಕುಳಿತಿರುವುದು ಕಂಡಿತು. ಆ ಸಾಲು ಕೆಲಸ ನಡೆಯುವಾಗಲೇ ಕಾಣಿಸಬೇಕಿತ್ತು. 2019ರಲ್ಲಿ ಸರ್ಕಾರ ನೇಮಿಸಿದ ಆಯೋಗವು ನೀರು ಒತ್ತಿದ್ದೇ ಭೂಕಂಪವನ್ನು ಪ್ರಚೋದಿಸಿತು ಎಂಬ ತೀರ್ಮಾನಕ್ಕೆ ಬಂತು.

ನನ್ನ ಅಭಿಪ್ರಾಯ ಇಷ್ಟು. ಎಷ್ಟು ಸಾವಿರ ಕಂಪನಗಳನ್ನು ಹಿಡಿದೆ ಎಂಬ ಲೆಕ್ಕದ ಪ್ರಬಂಧಗಳು ಈಗಾಗಲೇ ಸಾಕಷ್ಟಿವೆ. ಹಿಡಿದ ಕಂಪನಗಳ ಸ್ಥಾನದಲ್ಲಿ, ಅದರಲ್ಲೂ ಆಳದಲ್ಲಿ, ಎಷ್ಟು ತಪ್ಪಿರಬಹುದು, ಆ ತಪ್ಪನ್ನು ಒಳಗೊಂಡೂ ಅವು ಒಂದು ಸಮತಲಕ್ಕೆ ಸೇರುತ್ತಿವೆಯೇ ಎಂದು ಕೆಲಸ ನಡೆಯುವಾಗಲೇ ಹೇಳಲು ಸಾಧ್ಯವೇ ಎಂಬ ಪ್ರಶ್ನೆ ಇನ್ನೂ ಪೂರ್ತಿ ಬಗೆಹರಿದಿಲ್ಲ. ಇದಕ್ಕೆ ಗೀಸರ್ಸ್ ಅಥವಾ ಅಮೆರಿಕದ ಯೂಟಾದಲ್ಲಿರುವ ಫೋರ್ಜ್ ಎಂಬ ಭೂಶಾಖ ಪ್ರಯೋಗತಾಣದ ಮುಕ್ತ ದತ್ತಾಂಶವನ್ನು ಮೊದಲು ಬಳಸಿ, ವಿಧಾನ ಕೈಗೆ ಹತ್ತಿದ ಮೇಲೆ ಕೊಂಕಣಕ್ಕೆ ಬನ್ನಿ. ನಿಗಾ ಚೆನ್ನಾಗಿದ್ದರೆ ಏನಾಗುತ್ತದೆ ಎಂಬುದಕ್ಕೂ ಉದಾಹರಣೆ ಇದೆ. ಫಿನ್ಲೆಂಡಿನ ಎಸ್ಪೊದಲ್ಲಿ 2018ರಲ್ಲಿ ಸುಮಾರು 6 ಕಿಲೋಮೀಟರ್ ಆಳಕ್ಕೆ 18,000 ಘನ ಮೀಟರ್‌ಗೂ ಹೆಚ್ಚು ನೀರು ಒತ್ತಿದರೂ, ಬಾವಿಗಳೊಳಗಿನ ಮಾಪಕಗಳಿಂದ ಬರುತ್ತಿದ್ದ ಫಲಿತಾಂಶವನ್ನು ಕೂಡಲೇ ನೋಡಿ ಪಂಪಿನ ವೇಗ ಬದಲಿಸುತ್ತಿದ್ದುದರಿಂದ, ಕೆಲಸ ನಿಲ್ಲಿಸಬೇಕಾದ 2.1 ಪ್ರಮಾಣದ ಮಿತಿಯನ್ನು ಅಲ್ಲಿ ಮುಟ್ಟಲಿಲ್ಲ.

ಗಣಪತಿ, ವಾಸ್ಕೊ, ಗೋವಾ

ರಾಘವೇಂದ್ರ ಸರ್ ಸಿದ್ಧಾಂತವನ್ನು ಚೆನ್ನಾಗಿ ಬಿಡಿಸಿ ಹೇಳಿದ್ದಾರೆ. ನಾನು ಉಪಕರಣ ವಿಭಾಗದವನು, ಆದ್ದರಿಂದ ನೆಲದ ಮೇಲಿನ ಮಾತನ್ನಷ್ಟೇ ಸೇರಿಸುತ್ತೇನೆ.

ಕೊಂಕಣದಲ್ಲಾಗಲಿ ಗೋವಾದಲ್ಲಾಗಲಿ ಮೇಲ್ಪದರದಲ್ಲಿ ಸಿಗುವ ಕೆಂಪು ಮುರಕಲ್ಲು ನೋಡಲು ಗಟ್ಟಿಯಾಗಿ ಕಂಡರೂ ಒಳಗೆಲ್ಲ ತೂತು. ನಿಮಗೆ ಬೇಕಾದ ಸೂಕ್ಷ್ಮ ಕಂಪನಗಳ ಮಾಹಿತಿ ಇರುವುದು ಹತ್ತಾರು ಹರ್ಟ್ಸ್‌ನ ಮೇಲೆ, ಆ ಭಾಗವನ್ನೇ ಈ ಕಲ್ಲು ನುಂಗಿಹಾಕುತ್ತದೆ. ಹಳ್ಳದ ಪಾತ್ರದಲ್ಲಿಯೋ ರಸ್ತೆಗೆ ಗುಡ್ಡ ಕಡಿದಲ್ಲಿಯೋ ಕಾಣುವ ಶಿಥಿಲವಾಗದ ಕರಿಕಲ್ಲಿನ (ಬಸಾಲ್ಟಿನ) ಮೇಲೆ ಮಾಪಕ ಕೂರಿಸಬೇಕು. ಆದರೆ ಹಳ್ಳಕ್ಕೆ ತೀರ ಹತ್ತಿರವಾದರೆ ಜೂನ್‌ನಲ್ಲಿ ಬರಿಯ ನೀರಿನ ಸದ್ದೇ ದಾಖಲಾಗುತ್ತದೆ, ಗುಂಡಿಯೂ ತುಂಬಿಕೊಳ್ಳುತ್ತದೆ. ನಾನು ಕಂಡ ಒಂದು ಗುಂಡಿಯಲ್ಲಿ ಮಾಪಕವನ್ನು ಜಲನಿರೋಧಕ ಡಬ್ಬಿಯಲ್ಲಿಟ್ಟು ಮುಚ್ಚಿದ್ದರು, ನೀರು ಒಳಹೊಕ್ಕಿರಲಿಲ್ಲ, ಆದರೆ ತುಂಬಿದ ನೀರಿನಲ್ಲಿ ಡಬ್ಬಿಯೇ ತೇಲಿ ವಾಲಿಕೊಂಡಿತ್ತು. ತಳದ ಕಾಂಕ್ರೀಟಿಗೆ ಬೋಲ್ಟು ಹಾಕಿ ಬಿಗಿಯದೆ ಬರಬೇಡಿ.

ಎರಡನೆಯದು ಸಮಯ. ಜಿಪಿಎಸ್ ಆಂಟೆನಾ ಗೇರು ಅಥವಾ ಹಲಸಿನ ಮರದಡಿ ಇದ್ದರೆ ಉಪಗ್ರಹ ಆಗಾಗ ತಪ್ಪಿ ಗಡಿಯಾರ ಸರಿಯುತ್ತದೆ. ತರಂಗದ ವೇಗ ಸೆಕೆಂಡಿಗೆ 6 ಕಿಲೋಮೀಟರ್ ಎಂದುಕೊಂಡರೆ ಸೆಕೆಂಡಿನ ಹತ್ತನೇ ಒಂದು ಭಾಗದ ತಪ್ಪು ಎಂದರೆ 600 ಮೀಟರ್ ತಪ್ಪು; ಸಮತಲ ಹುಡುಕುವವರಿಗೆ ಇದು ಬಹಳ ದುಬಾರಿ. ಆಷಾಢದ ಮೋಡದಲ್ಲಿ ಸೋಲಾರ್ ಫಲಕವನ್ನು ನಂಬಿಕೊಳ್ಳುವಂತಿಲ್ಲ, ಬ್ಯಾಟರಿಯ ಲೆಕ್ಕವನ್ನು ಮಳೆಗಾಲಕ್ಕೆ ಹಾಕಿ.

ಮೂರನೆಯದನ್ನು ಪ್ರಬಂಧ ಓದುವ ಪರೀಕ್ಷಕರು ಖಂಡಿತ ಕೇಳುತ್ತಾರೆ. ಅರವಲಿ, ತುರಳದ ಬುಗ್ಗೆಗಳು ಮುಂಬೈ-ಗೋವಾ ಹೆದ್ದಾರಿಯ ಅಂಚಿನಲ್ಲೇ ಇವೆ, ಕೊಂಕಣ ರೈಲ್ವೆಯೂ ದೂರವಿಲ್ಲ, ಸುತ್ತಲೂ ಕಲ್ಲಿನ ಕ್ರಷರುಗಳಿವೆ. ನಿಮ್ಮ ಪಟ್ಟಿಯಲ್ಲಿರುವ ಕಂಪನಗಳನ್ನು ದಿನದ 24 ತಾಸುಗಳಿಗೆ ಹಂಚಿ ಒಂದು ಚಿತ್ರ ಬರೆದು ನೋಡಿ. ಭೂಕಂಪಕ್ಕೆ ಹಗಲು ರಾತ್ರಿಯ ಭೇದವಿಲ್ಲ. ಮಧ್ಯಾಹ್ನದ ಊಟದ ಹೊತ್ತಿಗೋ ಸಂಜೆಯ ಮುನ್ನವೋ ಗುಡ್ಡೆಯಾಗಿ ಎದ್ದು ನಿಂತರೆ ಅದು ಕಲ್ಲುಕ್ವಾರಿಯ ಸಿಡಿತ. ಸಿಡಿತದ ಮೊದಲ ತರಂಗ ಎಲ್ಲ ದಿಕ್ಕಿನ ಮಾಪಕಗಳಲ್ಲೂ ನೆಲವನ್ನು ಮೇಲಕ್ಕೇ ತಳ್ಳುತ್ತದೆ, ಬಿರುಕು ಜಾರಿದಾಗ ಕೆಲವು ಕಡೆ ಮೇಲೆ, ಕೆಲವು ಕಡೆ ಕೆಳಗೆ. ಕ್ರಷರಿನ ಮೇಸ್ತ್ರಿಯ ಫೋನ್ ನಂಬರ್ ಪಡೆದು, ಸಿಡಿಸಿದ ದಿನ ವೇಳೆ ಕೇಳಿ ಬರೆದುಕೊಳ್ಳುವುದು ಇನ್ನೂ ಸುಲಭ. ಸಿಡಿತದ ಜಾಗ ನಿಖರವಾಗಿ ಗೊತ್ತಿರುವುದರಿಂದ ನಿಮ್ಮ ಸ್ಥಾನನಿರ್ಣಯ ಎಷ್ಟು ಸರಿಯಾಗಿದೆ ಎಂದು ತಾಳೆ ನೋಡುವುದಕ್ಕೂ ಅದೇ ಉಪಯೋಗಕ್ಕೆ ಬರುತ್ತದೆ.

ಸುಮೇಧಾ, ಪುಣೆ

ಇಬ್ಬರಿಗೂ ತುಂಬಾ ಧನ್ಯವಾದಗಳು. ಕ್ವಾರಿಯ ಸಿಡಿತವನ್ನೇ ತಾಳೆಗೆ ಬಳಸುವ ವಿಚಾರ ನನಗೆ ಹೊಳೆದಿರಲಿಲ್ಲ. ಆದರೆ ಒಂದು ಭಯ ಉಳಿದಿದೆ. ಕೊಂಕಣದ ಬುಗ್ಗೆಯ ಸುತ್ತ ಎರಡು ವರ್ಷ ಮಾಪಕಗಳನ್ನಿಟ್ಟೂ ಬೆರಳೆಣಿಕೆಯ ಕಂಪನಗಳಷ್ಟೇ ಸಿಕ್ಕರೆ ಪ್ರಬಂಧದಲ್ಲಿ ಬರೆಯುವುದಾದರೂ ಏನನ್ನು? ಮತ್ತೆ, ತರಂಗಗಳ ಆಗಮನವನ್ನು ಗುರುತಿಸುವ ಕೆಲಸವನ್ನು ಈಗ ಯಂತ್ರಕಲಿಕೆಯ ತಂತ್ರಾಂಶಗಳೇ ಮಾಡುತ್ತವೆ ಎನ್ನುತ್ತಾರೆ. ಅವುಗಳ ಮೇಲೆ ಎಷ್ಟು ಭಾರ ಹಾಕಬಹುದು?

ಜೋಶಿ, ಕೊಥರೂಡ, ಪುಣೆ

ತಂಗಿ ಸುಮೇಧಾ, ನಾನು ಅಣೆಕಟ್ಟುಗಳ ಮಾಪನ ಉಪಕರಣಗಳ ಕೆಲಸದಲ್ಲಿದ್ದು ನಿವೃತ್ತನಾದವನು. ನಿನ್ನ ಮೊದಲ ಪ್ರಶ್ನೆಗೆ ಕೊಯ್ನಾ ಅಣೆಕಟ್ಟಿನ ಕಥೆಯಲ್ಲೇ ಉತ್ತರ ಇದೆ. ಈ ವಿಷಯದಲ್ಲಿ ರಾಘವೇಂದ್ರ ಅವರ ಸಲಹೆಯನ್ನು ನಾನು ಪೂರ್ತಿ ಒಪ್ಪುವುದಿಲ್ಲ.

ಕೊಯ್ನಾದ ಶಿವಾಜಿ ಸಾಗರ ಜಲಾಶಯದಲ್ಲಿ 1960ರ ದಶಕದ ಆರಂಭದಲ್ಲಿ ನೀರು ನಿಲ್ಲಿಸಲು ಶುರುಮಾಡಿದರು. ಸ್ವಲ್ಪ ದಿನಗಳಲ್ಲೇ ಸುತ್ತಲಿನ ಹಳ್ಳಿಗಳಿಗೆ ಗುಡುಗಿನಂಥ ಸದ್ದು, ನಡುಕ. ಅಣೆಕಟ್ಟಿನ ಬಳಿ ಕಂಪನಮಾಪಕಗಳು ಬಂದದ್ದು ಆ ನಡುಕ ಶುರುವಾದ ಮೇಲೆ. 1967ರ ಡಿಸೆಂಬರ್ 11ರ ನಸುಕಿನಲ್ಲಿ 6.3 ಪ್ರಮಾಣದ ಭೂಕಂಪವಾಗಿ ಕೊಯ್ನಾನಗರ ನೆಲಕಚ್ಚಿತು, ಸುಮಾರು 180 ಜನ ಸತ್ತರು. ಅದು ನೀರಿನಿಂದ ಆದದ್ದೋ, ಹೇಗಿದ್ದರೂ ಆಗುವುದಿದ್ದದ್ದೋ ಎಂಬ ವಾದ ವರ್ಷಗಟ್ಟಲೆ ನಡೆಯಿತು. ನೀರು ತುಂಬುವ ಮೊದಲು ಆ ನೆಲ ಹೇಗಿತ್ತು ಎಂದು ಹತ್ತಿರದಿಂದ ಅಳೆದ ದಾಖಲೆ ಕೈಯಲ್ಲಿ ಇರಲಿಲ್ಲವಾದ್ದರಿಂದ ಆ ವಾದ ಅಷ್ಟು ಎಳೆಯಿತು. ಪಕ್ಕದ ವಾರ್ಣಾ ಜಲಾಶಯ 1985ರಲ್ಲಿ ತುಂಬಲು ಆರಂಭವಾದ ಮೇಲೆ ಕಂಪನಗಳು ದಕ್ಷಿಣದ ಕಡೆಗೂ ಹಬ್ಬಿದ್ದನ್ನು ಅಷ್ಟು ಖಚಿತವಾಗಿ ಹೇಳಲು ಬಂದದ್ದು ಅಷ್ಟರಲ್ಲಿ ಮಾಪಕಗಳಿದ್ದುದರಿಂದ.

ಕೊಂಕಣದಲ್ಲಿ ನಾಳೆ ಯಾರೋ ಬಾವಿ ಕೊರೆಯಲು ಬಂದರೆ ಊರವರು ಕೇಳುವ ಮೊದಲ ಮಾತೇ ಕೊಯ್ನಾ. ಸಂಗಮೇಶ್ವರದ ಬುಗ್ಗೆಗಳಿರುವುದು ಘಟ್ಟದ ಕೆಳಗೆ, ಕೊಯ್ನಾ ಇರುವುದು ಘಟ್ಟದ ಮೇಲೆ. ನಡುವೆ ಅಂಥ ದೂರವಿಲ್ಲ. ಆಗ ತೋರಿಸಲು ಕೊರೆಯುವ ಮುನ್ನಿನ ದಾಖಲೆ ಬೇಕು. ಅದನ್ನು ಬಾವಿ ಕೊರೆಯುವ ಕಂಪನಿ ಮಾಡಿದರೆ ಜನ ನಂಬುವುದಿಲ್ಲ, ವಿಶ್ವವಿದ್ಯಾಲಯದವರು ಮೊದಲೇ ಮಾಡಿಟ್ಟಿದ್ದರೆ ನಂಬಿಯಾರು.

ಇನ್ನು ಬೆರಳೆಣಿಕೆಯ ಕಂಪನ ಸಿಕ್ಕರೆ ಏನು ಎಂಬ ಭಯ. ನಿನ್ನ ಮಾಪಕಗಳ ಜಾಲಕ್ಕೆ ಎಷ್ಟು ಸಣ್ಣ ಪ್ರಮಾಣದವರೆಗಿನ ಕಂಪನ ಒಂದೂ ತಪ್ಪದೆ ಸಿಗುತ್ತದೆ ಎಂಬುದನ್ನು ಜಾಗದಿಂದ ಜಾಗಕ್ಕೆ, ಋತುವಿನಿಂದ ಋತುವಿಗೆ ಲೆಕ್ಕ ಹಾಕಿ ತೋರಿಸುವುದೇ ಒಂದು ಅಧ್ಯಾಯ. ಪ್ರಮಾಣ 1ಕ್ಕಿಂತ ದೊಡ್ಡದಾದ ಎಲ್ಲವೂ ಸಿಗುವಂತಿದ್ದು, ಎರಡು ವರ್ಷದಲ್ಲಿ ಬಂದದ್ದು ಮೂರೇ ಎಂದಾದರೆ, ಸಹಜ ದರದ ಮೇಲ್ಮಿತಿ ಇಷ್ಟು ಎಂದು ಖಚಿತವಾಗಿ ಬರೆಯಬಹುದು. ಒಂದು ಪ್ರಮಾಣ ಕೆಳಗಿಳಿದರೆ ಕಂಪನಗಳ ಸಂಖ್ಯೆ ಸರಿಸುಮಾರು ಹತ್ತು ಪಟ್ಟಾಗುತ್ತದೆ ಎಂಬ ಗುಟೆನ್‌ಬರ್ಗ್-ರಿಕ್ಟರ್ ನಿಯಮವಿದೆಯಲ್ಲ. ಮಾಪಕವನ್ನು ಮುರಕಲ್ಲಿನಿಂದ ಕರಿಕಲ್ಲಿಗೆ ಸರಿಸಿ ಪತ್ತೆಯ ಮಿತಿಯನ್ನು 1ರಿಂದ 0ಗೆ ಇಳಿಸಿದರೆ ಅದೇ ಮೂರು ಮೂವತ್ತಾಗುತ್ತದೆ. ಗಣಪತಿಯವರ ಬೋಲ್ಟಿನ ಮಾತನ್ನು ಸಣ್ಣದೆಂದು ತಿಳಿಯಬೇಡ.

ತರಂಗವೇಗದ ಮಾದರಿಯ (ಯಾವ ಆಳದಲ್ಲಿ ತರಂಗ ಎಷ್ಟು ವೇಗವಾಗಿ ಸಾಗುತ್ತದೆ ಎಂಬ ಅಂದಾಜಿನ) ವಿಷಯದಲ್ಲೂ ಕೊಯ್ನಾ ಸಹಾಯಕ್ಕೆ ಬರುತ್ತದೆ. ಕರಾಡದ ಬೋರ್‌ಹೋಲ್ ಜಿಯೋಫಿಸಿಕ್ಸ್ ಸಂಶೋಧನಾಲಯದವರು ಅಲ್ಲಿ 3 ಕಿಲೋಮೀಟರ್ ಆಳದ ಪ್ರಾಯೋಗಿಕ ಬಾವಿ ಕೊರೆದಿದ್ದಾರೆ. ಬಸಾಲ್ಟ್ ಮುಗಿದ ಕೂಡಲೇ ಗ್ರಾನೈಟ್ ಮತ್ತು ನೈಸ್ ಎಂಬ ಹಳೆಯ ಗಟ್ಟಿ ಶಿಲೆಗಳ ತಳ ಸಿಕ್ಕಿತು, ನಡುವೆ ಜಲಜ ಶಿಲೆಯ ಪದರ ಇರಲಿಲ್ಲ. ಘಟ್ಟದ ಕೆಳಗೆ ಬಸಾಲ್ಟಿನ ದಪ್ಪ ಬೇರೆಯೇ ಇದ್ದೀತು, ಆದರೂ ಏನನ್ನೂ ತಿಳಿಯದೆ ಊಹಿಸುವುದಕ್ಕಿಂತ ಇದು ಎಷ್ಟೋ ಮೇಲು. ಸ್ತರಭಂಗದ ಮೇಲೆ ನೀರಿನ ಒತ್ತಡ ಹೇಗೆ ಹಬ್ಬುತ್ತದೆ ಎಂಬುದನ್ನು ಕಲಿಯಲು ಪುಣೆಯಿಂದ ಅರ್ಧ ದಿನದ ದಾರಿಯಲ್ಲಿ ಇಂಥ ಜಾಗವಿರುವಾಗ ಮೊದಲ ಎರಡು ವರ್ಷವನ್ನು ಕ್ಯಾಲಿಫೋರ್ನಿಯಾದ ದತ್ತಾಂಶಕ್ಕೆ ಕೊಡುವುದು ನನಗೇಕೋ ಒಗ್ಗುವುದಿಲ್ಲ.

ರಾಘವೇಂದ್ರ, ಪವಾಯಿ, ಮುಂಬೈ

ಜೋಶಿ ಸರ್ ಹೇಳಿದ ಪೂರ್ವದಾಖಲೆಯ ವಾದ ಬಲವಾಗಿದೆ, ಅದಕ್ಕೆ ನನ್ನ ವಿರೋಧವಿಲ್ಲ. ನಾನು ಹೊರಗಿನ ದತ್ತಾಂಶ ಎಂದದ್ದಕ್ಕೆ ಕಾರಣ ಬೇರೆ: ಕೊಯ್ನಾದಲ್ಲಿ ನೀರಿನ ಮಟ್ಟ ತಿಂಗಳುಗಟ್ಟಲೆ ಏರಿ ಇಳಿಯುತ್ತದೆ, ಭೂಶಾಖದ ಬಾವಿಯಲ್ಲಿ ಒತ್ತಡ ತಾಸುಗಳಲ್ಲಿ ಬದಲಾಗುತ್ತದೆ. ತಾಸಿನ ಲೆಕ್ಕದ ತೀರ್ಮಾನಗಳನ್ನು ಅಭ್ಯಾಸ ಮಾಡಲು ಪಂಪಿನ ದಾಖಲೆಯೂ ಕಂಪನದ ದಾಖಲೆಯೂ ಜೊತೆಯಲ್ಲಿರುವ ತಾಣವೇ ಬೇಕು. ಹಾಗಾಗಿ ಫೋರ್ಜ್‌ನ ದತ್ತಾಂಶ ಒಂದು ಅಧ್ಯಾಯಕ್ಕೆ ಇರಲಿ, ಕ್ಷೇತ್ರಕಾರ್ಯ ಮೊದಲ ವರ್ಷದಿಂದಲೇ ಕೊಂಕಣದಲ್ಲಿ ನಡೆಯಲಿ.

ಯಂತ್ರಕಲಿಕೆಯ ವಿಷಯ. ಇಂಥ ತಂತ್ರಾಂಶಗಳಲ್ಲಿ ಫೇಸ್‌ನೆಟ್ ತರಬೇತಿ ಪಡೆದದ್ದು ಉತ್ತರ ಕ್ಯಾಲಿಫೋರ್ನಿಯಾದ ಭೂಕಂಪಗಳ ಮೇಲೆ, ಸೆಕೆಂಡಿಗೆ 100 ಸಲ ಅಳೆದ ದಾಖಲೆಯಲ್ಲಿ. ಇನ್ನೊಂದಾದ ಇಕ್ಯೂ ಟ್ರಾನ್ಸ್‌ಫಾರ್ಮರ್ ಪ್ರಪಂಚದ ಬೇರೆಬೇರೆ ಕಡೆಯ ದಾಖಲೆಗಳನ್ನು ನೋಡಿ ಕಲಿತಿದೆ. ನಿಮ್ಮ ಮಾಪಕದಿಂದ ನಾಲ್ಕು ಕಿಲೋಮೀಟರ್ ದೂರದ ಕಂಪನದಲ್ಲಿ ಮೊದಲು ಬರುವ ಪಿ ಮತ್ತು ಅದರ ಹಿಂದೆ ನಿಧಾನವಾಗಿ ಬರುವ ಎಸ್ ತರಂಗಗಳ ನಡುವೆ ಅರ್ಧ ಸೆಕೆಂಡಿನಷ್ಟೇ ಅಂತರವಿರುತ್ತದೆ. ಅಷ್ಟು ಹತ್ತಿರದಲ್ಲಿ ಇವು ಎಸ್ ತರಂಗವನ್ನು ತಡವಾಗಿ ಗುರುತಿಸುವುದನ್ನು, ಕೆಲವೊಮ್ಮೆ ಬಿಟ್ಟೇಬಿಡುವುದನ್ನು ನಾನು ನೋಡಿದ್ದೇನೆ. ಎಸ್ ತಪ್ಪಿದರೆ ಆಳ ತಪ್ಪುತ್ತದೆ. ದಾಖಲೆಯನ್ನು ಸೆಕೆಂಡಿಗೆ 500 ಸಲ ಅಳೆಯುವಂತೆ ತೆಗೆಯಿರಿ. ಕೆಲವು ನೂರು ಕಂಪನಗಳನ್ನು ಕೈಯಿಂದಲೇ ಗುರುತಿಸಿ, ತಂತ್ರಾಂಶ ಎಲ್ಲಿ ಎಷ್ಟು ತಪ್ಪುತ್ತದೆ ಎಂಬುದನ್ನು ಮಾಪಕವಾರು ಬರೆದಿಡಿ, ಆಮೇಲೆ ಅದಕ್ಕೆ ನಿಮ್ಮ ದತ್ತಾಂಶದಿಂದಲೇ ಮರುತರಬೇತಿ ಕೊಡಿ.

ಹಿನ್ನೆಲೆಯ ಸದ್ದಿನಿಂದ (ನೆಲದಲ್ಲಿ ಸದಾ ಇರುವ ಸಣ್ಣ ಅದುರಿನಿಂದ) ತರಂಗವೇಗದ ಬದಲಾವಣೆ ಅಳೆಯುವ ವಿಧಾನವನ್ನೂ ಯಾರಾದರೂ ಸೂಚಿಸಿಯೇ ಸೂಚಿಸುತ್ತಾರೆ. ಮಳೆಗಾಲದಲ್ಲಿ ಅರಬ್ಬೀ ಸಮುದ್ರದ ಅಬ್ಬರ ಹೆಚ್ಚಿ ಸದ್ದಿನ ದಿಕ್ಕು, ಬಲ ಎರಡೂ ಬದಲಾಗುತ್ತವೆ, ಅದೇ ಹೊತ್ತಿಗೆ ಅಂತರ್ಜಲವೂ ಏರಿ ನೆಲದ ಮೇಲ್ಪದರದ ವೇಗವೂ ಬದಲಾಗುತ್ತದೆ. ಎರಡನ್ನೂ ಬೇರ್ಪಡಿಸದೆ ಆ ಬದಲಾವಣೆಯನ್ನು ಬುಗ್ಗೆಯ ಲೆಕ್ಕಕ್ಕೆ ಬರೆಯುವಂತಿಲ್ಲ. ಅಂತರ್ಜಲ ನಿಮ್ಮ ಈಗಿನ ಕೆಲಸವೇ ಆಗಿರುವುದರಿಂದ ಸುತ್ತಲಿನ ಬಾವಿಗಳ ನೀರಿನ ಮಟ್ಟವನ್ನು ಅಳೆಯುವ ಏರ್ಪಾಡು ನಿಮಗೆ ಇತರರಿಗಿಂತ ಸುಲಭವಾದೀತು.

ಕೊನೆಯದಾಗಿ ದತ್ತಾಂಶದ ಮಾತು. ಬೇರೆ ಸಂಸ್ಥೆಯ ಮಾಪಕಗಳನ್ನು ನಂಬಿಕೊಳ್ಳುವುದಾದರೆ, ಭೂಕಂಪಗಳ ಪಟ್ಟಿ ಸಾಲದು, ನಿರಂತರ ತರಂಗದಾಖಲೆಯೇ ಬೇಕು ಎಂದು ನೋಂದಣಿಗೆ ಮೊದಲೇ ಬರೆದು ಒಪ್ಪಿಗೆ ಪಡೆಯಿರಿ. ಈ ಏಪ್ರಿಲ್-ಮೇ ಒಳಗೆ ಒಂದೆರಡು ಮಾಪಕಗಳನ್ನು ಎರವಲು ತಂದು, ತುರಳದ ಹೆದ್ದಾರಿ ಬದಿಯಲ್ಲೊಂದು, ಘಟ್ಟದ ಬುಡದ ಯಾವುದಾದರೂ ಊರಿನ ಶಾಲೆಯಲ್ಲೊಂದು ವಾರದ ಮಟ್ಟಿಗೆ ಇಟ್ಟು ಹಗಲು ರಾತ್ರಿಯ ಸದ್ದಿನ ಮಟ್ಟವನ್ನು ಅಳೆದುಕೊಳ್ಳಿ. ಆ ಚಿತ್ರವನ್ನು ಸಿನಾಪ್ಸಿಸ್‌ನ ಮೊದಲ ಪುಟಗಳಲ್ಲೇ ಹಾಕಿದರೆ, ಅಲ್ಲಿ ಏನನ್ನು ಗಮನಿಸುತ್ತೀಯ ಎಂದು ನಿಮ್ಮ ಗೈಡ್ ಕೇಳಿದ ಪ್ರಶ್ನೆಗೆ ಸಮಿತಿಯ ಮುಂದೆ ಕೂತು ಮಾತಾಡಲು ಒಂದು ಆಧಾರ ಸಿಗುತ್ತದೆ.